ಮರಕುಟಿಗ ಕೊರೆದ ಗುಂಪುಚಿತ್ರ

ಅಚ್ಚುಕೂಟದಲ್ಲಿ ಮರದ ಅಚ್ಚು ಕೊರೆಯುತ್ತಿದ್ದ ನಮ್ಮ ಸೋದರಮಾವ ದಾಸಪ್ಪಯ್ಯನವರು ನನಗೆ ಮೊದಲು ಹೇಳಿದ ಕಥೆ ಇದು.

ಮೊದಲ ಮಹಾಯುದ್ಧ ಮುಗಿದ ಕಾಲ. ಜರ್ಮನಿಯ ಕಾಡೊಂದರಲ್ಲಿ ಒಂದು ಮರಕುಟಿಗ ತನ್ನ ಗೆಳೆಯರಾದ ಗೂಬೆ, ಹೋತ, ಬಾತುಕೋಳಿಗಳನ್ನೂ ಜೊತೆಗೆ ತನ್ನನ್ನೂ ಒಂದೇ ಹಲಗೆಯ ಮೇಲೆ ಕೊಕ್ಕಿನಿಂದ ಕೊರೆಯಿತು. ಮಸಿ ಬಳಿದು, ಕಾಗದ ಒತ್ತಿ, ಮೊದಲ ಪ್ರತಿಯನ್ನು ಎಲ್ಲರ ಮುಂದೆ ಹಿಡಿಯಿತು.

"ಭೇಷ್! ಹೋತನ ಗಡ್ಡ, ಬಾತಿನ ಕತ್ತು ಇದ್ದ ಹಾಗೇ ಬಂದಿವೆ. ನನ್ನ ಕಣ್ಣು ಮಾತ್ರ ಇಷ್ಟು ದಪ್ಪ ಇಲ್ಲವಪ್ಪ," ಎಂದಿತು ಗೂಬೆ.

"ನಿನ್ನ ಕಣ್ಣು, ಬಾತಿನ ಕತ್ತು ಎರಡೂ ಸರಿಯಾಗಿಯೇ ಇವೆ ಮಾರಾಯ. ನನ್ನ ಗಡ್ಡವೇ ಅತಿಯಾಯಿತು," ಎಂದಿತು ಹೋತ.

"ನಿಮ್ಮಿಬ್ಬರದೂ ತದ್ರೂಪು. ಆದರೆ ನನ್ನ ಕತ್ತೇನು ಬಾವಿಹಗ್ಗವೇ? ತಿದ್ದದಿದ್ದರೆ ಈ ಹಲಗೆಯನ್ನು ಹೊಳೆಗೆ ಎಸೆಯುತ್ತೇನೆ!" ಎಂದಿತು ಬಾತು. ಉಳಿದೆರಡೂ ಹೂಂಗುಟ್ಟಿದವು.

ಮರಕುಟಿಗ ಸಮಾಧಾನದಿಂದಲೇ ಹೇಳಿತು: "ಒಬ್ಬೊಬ್ಬರ ಮುಖಕ್ಕೂ ಉಳಿದಿಬ್ಬರು ಸಾಕ್ಷಿ ಹೇಳಿದ್ದೀರಿ. ಇನ್ನು ತಿದ್ದುವುದೇನು? ಮೇಲಾಗಿ, ಒಮ್ಮೆ ಕೊರೆದು ತೆಗೆದ ಮರ ಮತ್ತೆ ಕೂಡುವುದಿಲ್ಲ. ದೇವರು ಕೊಟ್ಟ ಮುಖವನ್ನು ಒಪ್ಪಿಕೊಳ್ಳಿ."

ಹಲಗೆ ಉಳಿಯಿತು. ಆಗ ಗೂಬೆ ಚಿತ್ರದ ಮೂಲೆಯಲ್ಲಿದ್ದ ಮರಕುಟಿಗವನ್ನು ನೋಡಿ, "ಅಣ್ಣಾ, ಎಲ್ಲಕ್ಕಿಂತ ಚೆನ್ನಾಗಿ ಬಂದಿರುವುದು ನಿನ್ನ ಈ ಮಾರುದ್ದದ ಕೊಕ್ಕು," ಎಂದಿತು.

"ಮಾರುದ್ದವೇ? ಎಲ್ಲಿ, ನೋಡೋಣ," ಎಂದು ಮರಕುಟಿಗ ಹಲಗೆಯತ್ತ ಬಾಗಿತು. "ಒಂದು ಚೂರು ತೆಗೆದರೆ ಸರಿಹೋದೀತು," ಎಂದು ಟಕಟಕ ಕುಟ್ಟಿತು. ಆಮೇಲೆ ಒತ್ತಿದ ಪ್ರತಿಗಳಲ್ಲೆಲ್ಲ ಮರಕುಟಿಗಕ್ಕೆ ಕೊಕ್ಕೇ ಇಲ್ಲ.

ನೀವೂ ಈ ಕಥೆಯನ್ನು ನಾಲ್ಕು ಜನಕ್ಕೆ ಹೇಳಿ. ಪಕ್ಕದ ಮನೆಯವರ ಕಥೆ ಎಂದರೆ ಖುಷಿಯಿಂದ ಕೇಳುತ್ತಾರೆ.