ಐದು ಮೊಳದ ಬಾಗಿಲು

ನೆಟ್ಟಗೆ ಕುಳಿತು ಕೇಳಿ. ಕಥೆ ಮುಗಿಯುವವರೆಗೆ ಯಾರೂ ಏಳಬಾರದು.

ನೊಸಲೂರು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲರ ಹಣೆಯ ಮೇಲೂ ಒಂದು ಬುಗುಟೆ ಇತ್ತು. ರಾಜನ ಹಣೆಯ ಮೇಲಿತ್ತು. ಮಂತ್ರಿಯ ಹಣೆಯ ಮೇಲಿತ್ತು. ಅರಮನೆಯ ಕುದುರೆಯ ಹಣೆಯ ಮೇಲೂ ಇತ್ತು.

ಕಾರಣ ಸರಳ. ರಾಜ್ಯ ಕಟ್ಟಿದ ಮೊದಲ ಅರಸನ ಹೆಸರು ಚಿಕ್ಕಭೂಪಾಲ. ಅವನ ಎತ್ತರ ಎರಡೂವರೆ ಮೊಳ, ಕಿರೀಟ ಸೇರಿದರೆ ಮೂರು. ಅವನು ತನ್ನ ಮನೆಗೆ ಮೂರು ಮೊಳದ ಬಾಗಿಲು ಇಡಿಸಿದ. ಅದು ಅವನಿಗೆ ಸರಿಯಾಗಿತ್ತು. ಅವನು ತೀರಿಕೊಂಡ ಮೇಲೆ ಯಾರೋ ಒಬ್ಬ ಅಧಿಕಾರಿ ಓಲೆಯ ಮೇಲೆ ಬರೆದ: ರಾಜ್ಯದ ಎಲ್ಲ ಬಾಗಿಲುಗಳೂ ಮೂರು ಮೊಳ ಇರತಕ್ಕದ್ದು. ಯಾಕೆಂದು ಬರೆಯಲಿಲ್ಲ. ಯಾರೂ ಕೇಳಲಿಲ್ಲ.

ಜನ ಬಾಗಿ ನಡೆದರು. ಬಾಗಲು ಮರೆತವರು, ಸಾಲದಷ್ಟು ಬಾಗಿದವರು ಹಣೆಗೆ ಪೆಟ್ಟು ತಿಂದರು. ಏಳು ತಲೆಮಾರು ಕಳೆಯುವಷ್ಟರಲ್ಲಿ ಬುಗುಟೆಯೇ ಮರ್ಯಾದೆಯ ಗುರುತಾಯಿತು. ಹೆಣ್ಣು ನೋಡಲು ಬಂದವರು ಮೊದಲು ಬುಗುಟೆ ನೋಡುತ್ತಿದ್ದರು, ಆಮೇಲೆ ಮುಖ. ಸಭೆಯಲ್ಲಿ ದೊಡ್ಡ ಬುಗುಟೆಯವರಿಗೆ ಮುಂದಿನ ಸಾಲು. ಆಗಿನ ರಾಜ ಜಯಭದ್ರನ ಬುಗುಟೆಯ ಮೇಲೆ ಕಿರೀಟ ನಿಲ್ಲುತ್ತಲೇ ಇರಲಿಲ್ಲ. ಒಬ್ಬ ಸೇವಕ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಹಿಂದೆ ಹಿಂದೆ ನಡೆಯುತ್ತಿದ್ದ.

ತೊಂದರೆ ಒಂದೇ. ಒಂದೊಂದು ಪೆಟ್ಟಿಗೂ ಒಂದೊಂದು ನೆನಪು ಹೋಗುತ್ತಿತ್ತು.

ಆ ರಾಜ್ಯದಲ್ಲಿ ದೊಡ್ಡಬೋರ ಎಂಬ ಬುಟ್ಟಿ ಹೆಣೆಯುವವನಿದ್ದ. ಅವನ ಎತ್ತರ ನಾಲ್ಕೂವರೆ ಮೊಳ. ಅವನ ಹೆಂಡತಿ ಸಣ್ಣೀರಿ. ಅವಳ ಎತ್ತರ ಮೂರು ಮೊಳಕ್ಕೆ ಎರಡು ಬೆರಳು ಕಡಿಮೆ. ಅವಳ ಹಣೆ ತೊಳೆದ ತಟ್ಟೆಯಂತೆ ನುಣುಪಾಗಿತ್ತು. ಆದ್ದರಿಂದ ಊರಿನಲ್ಲಿ ಅವಳಿಗೆ ಮರ್ಯಾದೆ ಇರಲಿಲ್ಲ. ಆದರೆ ನೆನಪು ಇತ್ತು.

ದೊಡ್ಡಬೋರನಿಗೆ ಮೊದಲನೆಯ ದೊಡ್ಡ ಪೆಟ್ಟು ಬಿತ್ತು. ವಾರದ ಹೆಸರುಗಳು ಹೋದವು. ಎರಡನೆಯ ಪೆಟ್ಟು ಬಿತ್ತು. ಬುಟ್ಟಿಗೆ ಬುಡ ಇರಬೇಕೆಂಬುದು ಹೋಯಿತು. ಅವನು ಬುಡವಿಲ್ಲದ ಬುಟ್ಟಿ ಹೆಣೆಯತೊಡಗಿದ. ಕೊಂಡವರಿಗೂ ಬುಡದ ವಿಷಯ ಮರೆತಿದ್ದರಿಂದ ತಕರಾರು ಬರಲಿಲ್ಲ. ಮೂರನೆಯ ಪೆಟ್ಟು ಒಂದು ಬೆಳಿಗ್ಗೆ ಬಿತ್ತು. ಅವನು ಒಳಗೆ ಬಂದು, ಕುಳಿತು, ಒಲೆಯ ಮುಂದಿದ್ದ ಹೆಂಡತಿಯನ್ನು ನೋಡಿದ.

"ಯಾರಮ್ಮ ನೀನು? ನನ್ನ ಮನೇಲಿ ಮುದ್ದೆ ತೊಳಸ್ತಾ ಇದ್ದೀಯಲ್ಲ?"

"ಅಯ್ಯೋ, ನಾನು ಸಣ್ಣೀರಿ ಕಣಯ್ಯಾ! ಇಪ್ಪತ್ತು ವರ್ಷದಿಂದ ಇಲ್ಲೇ ತೊಳಸ್ತಾ ಇದ್ದೀನಿ!"

"ಇಪ್ಪತ್ತು ವರ್ಷವಾ? ಹಾಗಾದ್ರೆ ಕೈ ನೋಯ್ತಿರಬೇಕು. ಕೂತ್ಕೋ ತಾಯಿ."

ಮಧ್ಯಾಹ್ನದ ಹೊತ್ತಿಗೆ ಅವನಿಗೆ ಅವಳ ಗುರುತು ಮರಳಿತು, ಹೆಸರು ಮರಳಲಿಲ್ಲ. ಸಣ್ಣೀರಿ ಲೆಕ್ಕ ಹಾಕಿದಳು. ಇನ್ನೊಂದು ಪೆಟ್ಟು ಬಿದ್ದರೆ ಗುರುತೂ ಮರಳುವುದಿಲ್ಲ. ಗಂಡನನ್ನು ಗಿಡ್ಡ ಮಾಡಲಾಗದು. ಬಾಗಿಲನ್ನು ಎತ್ತರ ಮಾಡಬೇಕು.

ಅವಳು ಗೋಡೆ ಕಟ್ಟುವ ಮುದ್ದಯ್ಯನ ಬಳಿಗೆ ಹೋದಳು. "ಮುದ್ದಣ್ಣ, ನನ್ನ ಬಾಗಿಲು ಎತ್ತರ ಮಾಡಿಕೊಡು" ಎಂದಳು.

"ಗೋಡೆ ಏರಿಸ್ತೀನಿ ಕಣವ್ವ. ಆದ್ರೆ ಬಾಗಿಲುವಾಡ ನನ್ನ ಕೈಲಿಲ್ಲ. ಬಡಗಿನ ಕೇಳು."

ಅವಳು ಬಡಗಿ ಕಾಳಾಚಾರಿಯ ಬಳಿಗೆ ಹೋದಳು.

"ಬಾಗಿಲುವಾಡ ಏರಿಸ್ತೀನಿ ತಾಯಿ. ಆದ್ರೆ ಸೂರು ನನ್ನ ಕೈಲಿಲ್ಲ. ಹೆಂಚಿನವಳ ಕೇಳು."

ಅವಳು ಹೆಂಚು ಸುಟ್ಟು ಹೊದಿಸುವ ಗುಂಡಮ್ಮನ ಬಳಿಗೆ ಹೋದಳು.

"ಸೂರು ಏರಿಸ್ತೀನಿ ಕಣೇ. ಆದ್ರೆ ಗೋಡೆ ಏರದೆ ಸೂರು ಎಲ್ಲಿ ಕೂರ್ತದೆ, ನಿನ್ನ ತಲೆ ಮೇಲಾ? ಮುದ್ದಯ್ಯನ ಕೇಳು."

"ಮೂವರೂ ಒಟ್ಟಿಗೆ ಕೂತು ಮಾತಾಡಿ" ಎಂದಳು ಸಣ್ಣೀರಿ.

ಗುಂಡಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಅದಕ್ಕೂ ಕಾರಣವಿತ್ತು. ರಾಜ್ಯದ ಬಾಗಿಲುಗಳನ್ನು ನೋಡಿಕೊಳ್ಳಲು ಒಬ್ಬ ಪಾರುಪತ್ಯಗಾರನಿದ್ದ. ಹೆಸರು ತ್ರಿವಿಕ್ರಮಯ್ಯ. ಎತ್ತರ ನಾಲ್ಕೂಮುಕ್ಕಾಲು ಮೊಳ. ಹುಬ್ಬಿನವರೆಗೆ ಇಳಿದ ರುಮಾಲು. ಆ ರುಮಾಲಿನ ಮುಂಭಾಗದಲ್ಲಿ, ಹಣೆಯ ನಡುವೆ, ನಿಂಬೆಹಣ್ಣಿನ ಗಾತ್ರದ ಉಬ್ಬು. ಜನ ಅದನ್ನು ಕಂಡರೆ ಕೈಮುಗಿಯುತ್ತಿದ್ದರು.

ತ್ರಿವಿಕ್ರಮಯ್ಯನ ಕಟ್ಟಳೆ ಹೀಗಿತ್ತು: ಗೋಡೆಯವನು ಹೋದ ಮೇಲೆ ಬಡಗಿ ಬರತಕ್ಕದ್ದು. ಬಡಗಿ ಹೋದ ಮೇಲೆ ಹೆಂಚಿನವಳು ಬರತಕ್ಕದ್ದು. ಮೂವರೂ ಒಂದೆಡೆ ಸೇರತಕ್ಕದ್ದಲ್ಲ. ಸೇರಿದರೆ ಮಾತು ಹುಟ್ಟುತ್ತದೆ. ಮಾತು ಹುಟ್ಟಿದರೆ ಹೊಸದು ಹುಟ್ಟುತ್ತದೆ. ತಪ್ಪಿ ಹೊಸದು ಕಟ್ಟಿದರೆ ಮನೆ ಕೆಡವಲಾಗುವುದು, ಮೂವರ ಸಲಕರಣೆಗಳನ್ನೂ ಕೆರೆಗೆ ಎಸೆಯಲಾಗುವುದು.

ಸಣ್ಣೀರಿ ಒಂದು ಉಪಾಯ ಹೂಡಿದಳು. ಮೂವರನ್ನೂ ಬೇರೆ ಬೇರೆಯಾಗಿ, ಒಂದೇ ದಿನದ ಮಧ್ಯಾಹ್ನದ ಊಟಕ್ಕೆ ಕರೆದಳು. ಊಟಕ್ಕೆ ಸೇರಬಾರದೆಂದು ಕಟ್ಟಳೆಯಲ್ಲಿ ಇರಲಿಲ್ಲ.

ಮೂವರೂ ಬಂದರು. ಒಂದೇ ಚಾಪೆಯ ಮೇಲೆ ಕುಳಿತರು. ಮೂವರೂ ಮೂರು ದಿಕ್ಕು ನೋಡಿದರು. ಮುದ್ದೆ ಮುರಿದರು, ಸಾರಿಗೆ ಅದ್ದಿದರು, ನುಂಗಿದರು. ಸಣ್ಣೀರಿ ಬೇಕೆಂದೇ ಸಾರಿಗೆ ಉಪ್ಪು ಹಾಕಿರಲಿಲ್ಲ.

"ಉಪ್ಪಿಲ್ಲ!" ಎಂದು ಮೂವರೂ ಒಟ್ಟಿಗೆ ಕೂಗಿದರು.

ಒಂದು ಸಲ ಬಾಯಿ ತೆರೆದ ಮೇಲೆ ಮುಚ್ಚುವುದು ಕಷ್ಟ.

"ನಿನ್ನ ಗೋಡೆ ಯಾವಾಗಲೂ ಎಡಕ್ಕೆ ವಾಲಿರ್ತದೆ, ಮುದ್ದಯ್ಯ" ಎಂದ ಕಾಳಾಚಾರಿ.

"ನಿನ್ನ ಬಾಗಿಲುವಾಡ ಬಲಕ್ಕೆ ವಾಲಿರ್ತದಲ್ಲ, ಅದಕ್ಕೇ ನಿಂತಿದೆ" ಎಂದ ಮುದ್ದಯ್ಯ.

"ಇಬ್ಬರದ್ದೂ ನನ್ನ ಹೆಂಚು ತಡಕೊಂಡಿದೆ. ಸುಮ್ಮನೆ ಉಣ್ಣಿ" ಎಂದಳು ಗುಂಡಮ್ಮ.

ಜಗಳ ಒಂದು ಗಳಿಗೆ ನಡೆಯಿತು. ಆಮೇಲೆ ಮಾತು ತಣ್ಣಗಾಯಿತು. ಮಗಳ ಮದುವೆ ಆಗಿದೆಯೋ ಇಲ್ಲವೋ ನೆನಪಿಲ್ಲವೆಂದ ಮುದ್ದಯ್ಯ. ಮೊಳೆಯ ಯಾವ ತುದಿ ಒಳಗೆ ಹೋಗಬೇಕೆಂದು ದಿನಾ ಹೆಂಡತಿಯನ್ನು ಕೇಳುತ್ತೇನೆ ಎಂದ ಕಾಳಾಚಾರಿ. ಗುಂಡಮ್ಮ ತನ್ನ ದುಃಖ ಹೇಳಲು ಬಾಯಿ ತೆರೆದಳು. ಏನೆಂದು ಮರೆತಿತ್ತು. ಆಗ ಅತ್ತಳು.

ದೊಡ್ಡಬೋರ ಎದ್ದು ಬಂದು ಗುಂಡಮ್ಮನಿಗೆ ಕಣ್ಣೊರೆಸಿಕೊಳ್ಳಲು ಬುಟ್ಟಿ ಕೊಟ್ಟ. ಬುಡವಿರಲಿಲ್ಲ. ಮೂವರೂ ಅದರ ಮೂಲಕ ಒಬ್ಬರನ್ನೊಬ್ಬರು ನೋಡಿದರು.

ಮುದ್ದಯ್ಯ ಗೋಡೆಯ ನೇರ ನೋಡುವ ತನ್ನ ತೂಗುಗುಂಡನ್ನು ಚಾಪೆಯ ಮೇಲಿಟ್ಟ. ಕಾಳಾಚಾರಿ ತನ್ನ ಬಾಚಿಯನ್ನಿಟ್ಟ. ಗುಂಡಮ್ಮ ಹೆಂಚಿನ ಅಚ್ಚನ್ನಿಟ್ಟಳು.

"ಕೆರೆಗೆ ಹೋದ್ರೆ ಮೂರೂ ಒಟ್ಟಿಗೇ ಹೋಗ್ಲಿ" ಎಂದಳು.

ಕೆಲಸ ಶುರುವಾಯಿತು. ಗಂಡಹೆಂಡಿರು ಹುಣಸೆಮರದ ಕೆಳಗೆ ಬಿಡಾರ ಹೂಡಿದರು.

ಮೊದಲನೆಯ ಸಲ ಮುದ್ದಯ್ಯ ಅವಸರಪಟ್ಟ. ಯಾರಿಗೂ ಹೇಳದೆ ಗೋಡೆ ಏರಿಸಿದ. ತೊಲೆ ಗೋಡೆಗೆ ಎಟುಕಲಿಲ್ಲ. ಸೂರು ಜಾರಿ, ಅಂಗಳಕ್ಕೆ ಬಂದು, ಬೋರಲು ಹಾಕಿದ ಟೋಪಿಯಂತೆ ಬಾಗಿಲುವಾಡದ ಸುತ್ತ ಕುಳಿತಿತು. ತ್ರಿವಿಕ್ರಮಯ್ಯ ಅಳತೆಗೋಲು ಹಿಡಿದು ಬಂದ. ಬಾಗಿಲುವಾಡ ಅಳೆದ. ಮೂರು ಮೊಳ.

"ಸರಿಯಾಗಿದೆ" ಎಂದು ಹೇಳಿ ಹೋದ.

ಎರಡನೆಯ ಸಲ ಕಾಳಾಚಾರಿ ಅವಸರಪಟ್ಟ. ಬಾಗಿಲುವಾಡವನ್ನು ದೊಡ್ಡದು ಮಾಡುವ ಬದಲು ಇದ್ದುದನ್ನೇ ಮೇಲಕ್ಕೆತ್ತಿ ಕೂರಿಸಿದ. ಹೊಸಿಲು ಸೊಂಟದ ಮಟ್ಟಕ್ಕೆ ಬಂತು. ಒಳಗೆ ಹೋಗಲು ಏಣಿ ಬೇಕಾಯಿತು. ಏರಿದ ಮೇಲೆ ಬಾಗಲೂ ಬೇಕಾಯಿತು. ತ್ರಿವಿಕ್ರಮಯ್ಯ ಬಂದ. ಏಣಿ ಹತ್ತಿ ಅಳೆದ. ಮೂರು ಮೊಳ.

"ಸರಿಯಾಗಿದೆ" ಎಂದು ಹೇಳಿ ಹೋದ.

ಸಣ್ಣೀರಿ ಸೆರಗು ಕಟ್ಟಿ ನಿಂತಳು. "ಒಬ್ಬೊಬ್ಬರೇ ಮಾಡಿದ್ದು ಸಾಕು. ಇನ್ನು ಒಬ್ಬರು ಇಟ್ಟಿಗೆ ಮುಟ್ಟಬೇಕಾದ್ರೂ ಉಳಿದಿಬ್ಬರನ್ನು ಕೇಳಬೇಕು" ಎಂದಳು. ಗಂಡನನ್ನು ಅಂಗಳದಲ್ಲಿ ಅಂಗಾತ ಮಲಗಿಸಿದಳು. ಅವನ ಸುತ್ತ ಒಲೆಯ ಬೂದಿಯಿಂದ ಗೆರೆ ಎಳೆದಳು. "ಇದು ನನ್ನ ಬಾಗಿಲು" ಎಂದಳು.

ಮೂವರೂ ಗೆರೆಯ ಸುತ್ತ ಕುಳಿತರು.

"ಇಷ್ಟು ಗೋಡೆ ಏರಿದ್ರೆ ತೊಲೆ ಸಾಲದು" ಎಂದ ಮುದ್ದಯ್ಯ.

"ತೊಲೆನ ಓರೆಯಾಗಿ ನಿಲ್ಲಿಸ್ತೀನಿ. ಆಗ ಸೂರು ಕಡಿದಾಗ್ತದೆ, ಹೆಂಚು ಜಾರ್ತದೆ" ಎಂದ ಕಾಳಾಚಾರಿ.

"ಹೆಂಚಿಗೆ ಕೊಕ್ಕೆ ಇಟ್ಟು ಸುಡ್ತೀನಿ. ನಮ್ಮಜ್ಜಿನೂ ಮಾಡಿಲ್ಲ. ಒಡೆದ್ರೆ ಒಡೀಲಿ" ಎಂದಳು ಗುಂಡಮ್ಮ.

"ನಾನು ಏಳಬಹುದಾ?" ಎಂದ ದೊಡ್ಡಬೋರ.

"ಬೇಡ!" ಎಂದರು ನಾಲ್ವರೂ.

ಹೀಗೆ ಮೂರನೆಯ ಸಲ ಕಟ್ಟಿದರು. ದೊಡ್ಡಬೋರನ ಉದ್ದಕ್ಕೆ ಒಂದು ಗೇಣು ಸೇರಿಸಿದರು, ಅಂದರೆ ಅರ್ಧ ಮೊಳ. ಬಾಗಿಲು ಐದು ಮೊಳವಾಯಿತು. ಗೋಡೆ ನಿಂತಿತು. ತೊಲೆ ಕೂತಿತು. ಹೆಂಚು ಜಾರಲಿಲ್ಲ.

ತ್ರಿವಿಕ್ರಮಯ್ಯ ಬಂದ. ಅಳೆದ. ಅವನ ಮುಖ ಕೆಂಪಾಯಿತು. ಇನ್ನೇನು ಅಪರಾಧವಿದೆಯೋ ಎಂದು ದಡದಡನೆ ಒಳಗೆ ನಡೆದು ನೋಡಿ, ಹೊರಗೆ ಬಂದ.

"ನೆಲದ ಮೇಲೆ ಸೂರಿದ್ದ ಮನೆ ಸರಿ ಇತ್ತು. ಏಣಿ ಹತ್ತುವ ಮನೆ ಸರಿ ಇತ್ತು. ಇದು ತಪ್ಪು! ನಾಳೆ ಕೆಡವತಕ್ಕದ್ದು. ಸಲಕರಣೆ ಕೆರೆಗೆ!"

ಮುದ್ದಯ್ಯ, ಕಾಳಾಚಾರಿ, ಗುಂಡಮ್ಮ ಸಲಕರಣೆಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಸಣ್ಣೀರಿ ಹೆದರಲಿಲ್ಲ. ಅವಳು ಒಂದು ಸಂಗತಿಯನ್ನು ಗಮನಿಸಿದ್ದಳು.

"ಕೆಡವಿ, ಬುದ್ಧಿ. ಕೆಡವೋ ಮುಂಚೆ ಮಾಸ್ವಾಮಿಗಳು ಒಂದು ಸಲ ಒಳಗೆ ಪಾದ ಇಟ್ಟು ಹೋಗ್ಲಿ. ಬಡವರ ಮನೆ, ಅಷ್ಟಾದರೂ ಪುಣ್ಯ ಸಿಗ್ಲಿ" ಎಂದಳು.

ಮರುದಿನ ರಾಜ ಜಯಭದ್ರ ಬಂದ. ಊರೇ ಸೇರಿತು. ಸಣ್ಣೀರಿ ಒಳಗೆ ನಿಂತು ಎಲ್ಲರನ್ನೂ ಕರೆದಳು. ಬಾಗಿಲು ಐದು ಮೊಳ. ಆದರೂ ರಾಜ ಅದರ ಮುಂದೆ ಸೊಂಟ ಬಗ್ಗಿಸಿ ಒಳಗೆ ಬಂದ. ಮಂತ್ರಿ ಬಗ್ಗಿ ಬಂದ. ಕಿರೀಟದ ತಟ್ಟೆ ಹಿಡಿದವನು ಬಗ್ಗಿ ಬಂದ, ಕಿರೀಟ ಉರುಳಿತು. ರಾಜನ ಹಿಂದೆಯೇ ಬಂದ ಕುದುರೆ ಮುಂಗಾಲು ಮಡಿಸಿ ಬಂತು. ಹುಟ್ಟಿದಾಗಿನಿಂದ ಆದ ಅಭ್ಯಾಸ. ಕಣ್ಣಿಗೆ ಬಾಗಿಲು ಕಂಡರೆ ಬೆನ್ನು ತಾನೇ ಬಾಗುತ್ತಿತ್ತು.

ತ್ರಿವಿಕ್ರಮಯ್ಯ ಹೊರಗೇ ನಿಂತಿದ್ದ.

"ಬುದ್ಧಿ!" ಎಂದು ಸಣ್ಣೀರಿ ಒಳಗಿನಿಂದ ಕೂಗಿದಳು. "ಇಲ್ಲಿ ಇನ್ನೊಂದು ತಪ್ಪಿದೆ! ಬಾಗಿಲಿಗಿಂತ ದೊಡ್ಡದು!"

ತಪ್ಪು ಎಂಬ ಮಾತು ಕೇಳಿದರೆ ತ್ರಿವಿಕ್ರಮಯ್ಯನ ಕಾಲು ನಿಲ್ಲುತ್ತಿರಲಿಲ್ಲ. ಅವನು ಓಡಿ ಬಂದ. ತಲೆ ನೆಟ್ಟಗೆ, ಬೆನ್ನು ನೆಟ್ಟಗೆ, ಒಂದು ಕೂದಲೆಳೆಯಷ್ಟೂ ಬಾಗದೆ ಬಾಗಿಲು ದಾಟಿದ.

"ಎಲ್ಲಿ? ಎಲ್ಲಿದೆ ತಪ್ಪು?"

"ಇಲ್ಲೇ ನಿಂತಿದೆ" ಎಂದಳು ಸಣ್ಣೀರಿ. "ಮಾಸ್ವಾಮಿ, ತಾವು ಬಾಗಿದಿರಿ. ಮಂತ್ರಿಗಳು ಬಾಗಿದರು. ತಮ್ಮ ಕುದುರೆನೂ ಬಾಗ್ತು. ಇವರು ಯಾಕೆ ಬಾಗಲಿಲ್ಲ?"

ಎಲ್ಲರೂ ತ್ರಿವಿಕ್ರಮಯ್ಯನತ್ತ ತಿರುಗಿದರು.

"ನೀನೂ ಬಾಗೋದಿಲ್ಲವಲ್ಲೇ!" ಎಂದ ತ್ರಿವಿಕ್ರಮಯ್ಯ.

"ನಾನು ಗಿಡ್ಡಿ, ಬುದ್ಧಿ. ತಾವು?"

ತ್ರಿವಿಕ್ರಮಯ್ಯ ಬೆವರಿದ. ಬೆವರಿಗೆ ರುಮಾಲು ಜಾರಿತು. ರುಮಾಲಿನ ಮಡಿಕೆಯಿಂದ ಒಂದು ನಿಂಬೆಹಣ್ಣು ಬಿದ್ದು, ಉರುಳಿ, ರಾಜನ ಪಾದದ ಬಳಿ ನಿಂತಿತು. ಅವನ ಹಣೆ ಸಣ್ಣೀರಿಯ ಹಣೆಗಿಂತ ನುಣುಪಾಗಿತ್ತು.

ಎಲ್ಲರೂ ಪಾರುಪತ್ಯಗಾರನ ಮನೆಗೆ ನಡೆದರು. ಮುಂಬಾಗಿಲು ಮೂರು ಮೊಳ. ಅದಕ್ಕೆ ಒಳಗಿನಿಂದ ಅಗುಳಿ ಬಿದ್ದು, ಬಾಗಿಲುವಾಡಕ್ಕೆ ಜೇಡ ಬಲೆ ಕಟ್ಟಿತ್ತು. ಹಿತ್ತಿಲಿಗೆ ಹೋದರು. ಹಿತ್ತಿಲ ಬಾಗಿಲು ಐದೂವರೆ ಮೊಳ.

"ಇದು ಯಾಕೆ?" ಎಂದ ರಾಜ.

ತ್ರಿವಿಕ್ರಮಯ್ಯ ತಲೆ ತಗ್ಗಿಸಿದ. "ತಲೆಗೆ ಪೆಟ್ಟು ಬಿದ್ದವರು ಕೇಳಬೇಕಾದ್ದನ್ನು ಮರೆಯುತ್ತಾರೆ, ಪ್ರಭು. ಮರೆತವರನ್ನು ಆಳೋದು ಸುಲಭ. ನೆನಪು ಒಬ್ಬನಿಗಿದ್ದರೆ ಸಾಕು ಅಂದುಕೊಂಡೆ."

ರಾಜ ತನ್ನ ಬುಗುಟೆ ಸವರಿಕೊಂಡ. "ನಾನೂ ನಿನ್ನನ್ನು ಏನೋ ಕೇಳಬೇಕು ಅಂತ ಹತ್ತು ವರ್ಷದಿಂದ ಅಂದುಕೊಳ್ತಿದ್ದೆ. ಇದೇ ಇರಬೇಕು" ಎಂದ.

ತೀರ್ಪು ಚಿಕ್ಕದಾಗಿತ್ತು. ಮೂವರು ಕೆಲಸಗಾರರೂ ಕೂಡಿ ರಾಜ್ಯದ ಬಾಗಿಲುಗಳನ್ನು ಏರಿಸಬೇಕು, ಆಯಾ ಮನೆಯವರನ್ನು ಮಲಗಿಸಿ ಗೆರೆ ಎಳೆದು. ತ್ರಿವಿಕ್ರಮಯ್ಯನಿಗೆ ಮಾತ್ರ, ಅವನೇ ಅಳೆದು ಸರಿಯೆಂದ ಮೊದಲನೆಯ ಮನೆಯನ್ನು ಕಟ್ಟಿಕೊಡಬೇಕು. ಕಟ್ಟಿಕೊಟ್ಟರು. ಸೂರು ನೆಲದ ಮೇಲೆ, ಬಾಗಿಲು ಅದರ ನಡುವೆ. ಅವನು ಇಂದಿಗೂ ಅಲ್ಲಿ ತೆವಳಿಕೊಂಡು ಓಡಾಡುತ್ತಾನೆ. ಬುಗುಟೆ ಚೆನ್ನಾಗಿ ಬಂದಿದೆಯಂತೆ.

ಇನ್ನು ದೊಡ್ಡಬೋರ. ಐದು ಮೊಳದ ಬಾಗಿಲಿನಲ್ಲಿ ಅವನು ಮೊದಲನೆಯ ತಿಂಗಳು ಬಾಗಿ ನಡೆದ. ಎರಡನೆಯ ತಿಂಗಳು ಅರ್ಧ ಬಾಗಿ ನಡೆದ. ಬುಟ್ಟಿಗೆ ಬುಡ ಬಂತು. ಮೂರನೆಯ ತಿಂಗಳಿನ ಒಂದು ಮಧ್ಯಾಹ್ನ ನೆಟ್ಟಗೆ ನಡೆದು ಬಂದ, ಚಾಪೆಯ ಮೇಲೆ ಕುಳಿತ, ಮುದ್ದೆ ಮುರಿದು ಸಾರಿಗೆ ಅದ್ದಿದ, ನುಂಗಿದ, ಮುಖ ಗಂಟಿಕ್ಕಿದ.

"ಉಪ್ಪಿಲ್ಲ ಕಣೇ, ಸಣ್ಣೀರಿ" ಎಂದ.

ಸಣ್ಣೀರಿ ಉಪ್ಪಿನ ಮರಿಗೆಗೆ ಕೈ ಹಾಕಿದವಳು ಹಾಗೆಯೇ ನಿಂತಳು. ಅವಳು ಅತ್ತದ್ದು ಆ ಒಂದು ದಿನ ಮಾತ್ರ.

ನೀತಿ ಇಷ್ಟು. ಮನೆ ಕಟ್ಟುವ ಮೊದಲು ಅದರಲ್ಲಿ ಬಾಳುವವರನ್ನು ಅಳೆಯಿರಿ. ಹೊಸದನ್ನು ಮಾಡಲು ಹೆದರಬೇಡಿ, ಆದರೆ ಒಬ್ಬರೇ ಮಾಡಬೇಡಿ. ಎರಡು ಸಲ ಕೆಟ್ಟರೆ ಕೂಡಿ ಕುಳಿತು ಮೂರನೆಯ ಸಲ ಮಾಡಿ. ನಿಮ್ಮನ್ನು ಬಾಗು ಎನ್ನುವವನ ಹಿತ್ತಿಲ ಬಾಗಿಲನ್ನು ಒಮ್ಮೆ ಅಳೆದು ಬನ್ನಿ.

ಕಥೆ ಮುಗಿಯಿತು. ಈಗ ಏಳಬಹುದು. ಒಬ್ಬರ ಹಿಂದೆ ಒಬ್ಬರು ಹೊರಡಿ. ಬಾಗಿಲಲ್ಲಿ ತಲೆ ಜೋಕೆ.