ತುದಿ ಕಪ್ಪಗಿದ್ರೆ ಗಂಡು

ಪುಟ್ಟಮಾದಮ್ಮನಿಗೆ ಇದ್ದವನು ಒಬ್ಬನೇ ಮಗ, ಮಾಯಿಗ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ ಕಣ್ರೀ, ಅದೇ ಅವಳ ಗ್ರಹಚಾರ! ಯಾರೂ ಹೆಣ್ಣು ಕೊಡಲಿಲ್ಲ. ಕೊನೆಗೆ ಕೈಕಾಲು ಹಿಡಿದು, ಕಾಲೇಜಿನ ನೊಣದ ಮೇಡಂ ಹತ್ರ ಕೆಲಸಕ್ಕೆ ಹಾಕಿದಳು. ಆ ಮೇಡಂ ಅದೇನೋ ಪ್ರಯೋಗಕ್ಕೆ ಅಂತ ಸೀಸೆಯೊಳಗೆ ರವೆ-ಬೆಲ್ಲದ ಪಾಯಸ ಇಟ್ಟು ನೊಣ ಸಾಕ್ತಿದ್ರು. ಊರೆಲ್ಲ ನೊಣ ಓಡಿಸಿದ್ರೆ ಇವರು ಸಾಕ್ತಾರಂತೆ! ಇರಲಿ, ನಮಗ್ಯಾಕೆ. ಕೆಲಸ ಇದೆ ಅಂದಮೇಲೆ ಪಕ್ಕದೂರಿನ ಚೆಲುವಯ್ಯ ಮಗಳನ್ನ ತೋರಿಸೋಕೆ ಒಪ್ಪಿದ.

ಮೊದಲ ದಿನವೇ ಮಾಯಿಗ ನೋಡ್ತಾನೆ, ಹೆಣ್ಣು ನೊಣದ ಬೆನ್ನ ಮೇಲೆ ಗಂಡು ನೊಣ! "ಪಾಪ, ಎಷ್ಟು ಭಾರವೋ!" ಅಂತ ಕುಂಚ ತೂರಿಸಿ ಎಳೆದೇಬಿಟ್ಟ.

"ಅಯ್ಯೋ ದಡ್ಡ ಶಿಖಾಮಣಿ!" ಮೇಡಂ ಹಣೆ ಚಚ್ಚಿಕೊಂಡರು. "ಗಂಡಿನ ಹಿಂಭಾಗದ ತುದೀಲಿ ಚಿಮಟದ ಥರ ಕೊಂಡಿ ಇರುತ್ತೆ. ಬೀಜ ಒಳಗೆ ಹೋಗೋ ತನಕ ಹೆಣ್ಣನ್ನ ಬಿಗಿಯಾಗಿ ಹಿಡಿದಿರುತ್ತೆ. ಎಳೆದ್ರೆ ಎರಡಕ್ಕೂ ಪೆಟ್ಟು! ಒಂದರ ಬೆನ್ನ ಮೇಲೆ ಇನ್ನೊಂದು ಕೂತಿದ್ರೆ ಮುಟ್ಟಬೇಡ. ಅದೇ ಇಳಿಯುತ್ತೆ."

"ಆಗಲಿ ಮೇಡಂ."

ಮನೆಗೆ ಬಂದ. ಬಾಳೆಗೊನೆ ಹೊತ್ತ ಅವ್ವನ ಬೆನ್ನ ಮೇಲೆ ಕೋತಿ!

"ಬಿಡಿಸೋ ಮಾಯಿಗಾ!"

"ತಡಿಯವ್ವ, ಅದೇ ಇಳಿಯುತ್ತೆ!" ಅಂತ ಕೈಕಟ್ಟಿ ನಿಂತ. ಕೋತಿ ಗೊನೆ ಮುಗಿಸಿ, ಅವ್ವನ ತುರುಬು ಕಿತ್ತು, ನಿಧಾನಕ್ಕೆ ಇಳೀತು.

"ನಿನ್ನ ಮನೆ ಹಾಳಾಗ!" ಅಂದಳು, ಅದು ತನ್ನದೇ ಮನೆ ಅನ್ನೋದೂ ಮರೆತು. "ಬೆನ್ನೇರಿದ್ದಕ್ಕೆ ನೀರು ಎರಚಿ ಓಡಿಸಬೇಕು ಕಣೋ!"

"ಆಗಲಿ ಅವ್ವ."

ಮಾರನೆ ದಿನ ಸೀಸೆಯಲ್ಲಿ ನೊಣದ ಜೋಡಿ ಕೂತಿತ್ತು. ಸುರಿದ ನೋಡಿ, ಚೊಂಬು ಚೊಂಬು ನೀರು! ಪಾಯಸವೂ ತೇಲಿತು, ನೊಣವೂ ತೇಲಿತು.

"ವರ್ಷದ ಕೆಲಸ ಮುಳುಗಿಸಿದೆಯಲ್ಲೋ!" ಮೇಡಂ ಅತ್ತೇಬಿಟ್ಟರು. "ಹೊಸದಾಗಿ ಜೋಡಿ ಹಾಕು. ಸುಮ್ಮನೆ ಹಾಕಬೇಡ, ಮೊದಲು ಹಿಂದಿನಿಂದ ನೋಡು. ತುದಿ ಕಪ್ಪಗಿದ್ರೆ ಗಂಡು. ಗಂಡಿಗೆ ಗಂಡು ಜೋಡಿ ಹಾಕಿದ್ರೆ ಮೊಟ್ಟೆ ಬರಲ್ಲ!"

"ಆಗಲಿ ಮೇಡಂ."

ಬಂತು ಹೆಣ್ಣು ನೋಡೋ ದಿನ. "ಬಾಯಿ ಬಿಡಬೇಡ ಕಂದಾ, ನಿನ್ನ ಕಾಲಿಗೆ ಬೀಳ್ತೀನಿ. ಸೊಸೆ ಮುಖ ನೋಡಿ ಸಾಯ್ತೀನಿ" ಅಂದಳು ಅವ್ವ. ಹುಡುಗಿ ಬಂದಳು, ಕಾಫಿ ಕೊಟ್ಟಳು, ಚೆಂದಾಗಿ ನಕ್ಕಳು. ಪುಟ್ಟಮಾದಮ್ಮನ ಜೀವ ತಂಪಾಯ್ತು. ಹುಡುಗಿ ಒಳಕ್ಕೆ ಹೋಗೋಕೆ ತಿರುಗಿದಳು. ಸೊಂಟದ ಕೆಳಗೆ ಇಳಿದ ಜಡೆ, ಜಡೆಯ ತುದಿಗೆ ಕರೀ ಕುಚ್ಚು!

ಮಾಯಿಗ ಎದ್ದು ನಿಂತ. "ಅವ್ವಾ, ಮೋಸ! ಹಿಂದಿನಿಂದ ನೋಡು, ತುದಿ ಕಪ್ಪಗಿದೆ! ಇದು ಗಂಡು! ಮೊಟ್ಟೆ ಬರಲ್ಲ!"

ಚೆಲುವಯ್ಯ ಅವನನ್ನ ಕೆಡವಿದ, ಬೆನ್ನ ಮೇಲೆ ಹತ್ತಿ ಕೂತ, ಗುದ್ದೋಕೆ ಶುರು ಮಾಡಿದ. ಪುಟ್ಟಮಾದಮ್ಮ ಅಳ್ತಾ ಓಡಿಬಂದು ಬೀಗನಾಗಬೇಕಿದ್ದವನ ರಟ್ಟೆ ಹಿಡಿದು ಎಳೆದಳು.

ಕೆಳಗಿಂದ ಮಾಯಿಗ ಕೂಗಿದ: "ಎಳೀಬೇಡವ್ವಾ! ಇಬ್ಬರಿಗೂ ಪೆಟ್ಟು! ತಡಿ, ಅದೇ ಇಳಿಯುತ್ತೆ!"