ಬುಟ್ಟಿ ಎತ್ತುವ ಬಿಡುವು

"ಗುರುಗಳೇ, ನಿಮ್ಮ ಒಂದೊಂದು ಮಾತೂ ನನಗೆ ಬಾಯಿಪಾಠ. ನೀವು ಹೋದ ಮೇಲೂ ಒಂದಕ್ಷರ ಬದಲಿಸದೆ ಜನಕ್ಕೆ ಹೇಳುತ್ತೇನೆ. ಅಷ್ಟಾದರೆ ನೀವು ಉಳಿದ ಹಾಗೆಯೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಒಂದು ಬಂದರಿನಲ್ಲಿ ಜಾಝ್ ಹಾಡುವ ಹೆಂಗಸೊಬ್ಬಳಿದ್ದಳು. ಹಡಗಿಗೆ ಕಲ್ಲಿದ್ದಲು ತುಂಬುವ ಹೆಂಗಸರ ನಡುವೆ ಬೆಳೆದವಳು. ಅಲ್ಲಿ ಒಬ್ಬಳು ಒಂದು ನುಡಿ ಹಾಡಿ ನಿಲ್ಲಿಸುತ್ತಾಳೆ. ಆ ಬಿಡುವಿನಲ್ಲಿ ಉಳಿದವರು ಒಟ್ಟಿಗೆ 'ಹೂಂ' ಎಂದು ಬುಟ್ಟಿ ಎತ್ತಿ ಮುಂದಿನ ಕೈಗೆ ದಾಟಿಸುತ್ತಾರೆ. ಆಗ ಹಾಡಬಾರದು. ಹಾಡಿದರೆ ಹದ ತಪ್ಪಿ ಬುಟ್ಟಿ ಯಾರದೋ ಕಾಲ ಮೇಲೆ ಬೀಳುತ್ತದೆ.

ದೊಡ್ಡ ಹೋಟೆಲಿನವರು ಅವಳನ್ನು ಹಾಡಲು ಕರೆದರು. ಹೆಸರನ್ನು ಮುಂಬಾಗಿಲ ಮೇಲೆ ಬರೆಸಿದರು, ಅವಳನ್ನು ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಿಟ್ಟರು. ಅವಳ ಜೊತೆಯ ಕಲ್ಲಿದ್ದಲಿನ ಹೆಂಗಸರನ್ನು ಆ ಬಾಗಿಲಿನಿಂದಲೂ ಬಿಡಲಿಲ್ಲ. ದುಡಿದ ಕೈ ಕಪ್ಪು, ಮೇಜಿನ ಬಟ್ಟೆ ಬಿಳುಪು. ಅದು ಉಂಡಾಡಿಗಳ ನ್ಯಾಯ. ಸಾಯುವವರೆಗೂ ಅವಳು ಅಲ್ಲಿ ಹಾಡಿದಳು. ಪ್ರತಿ ನುಡಿಯ ಕೊನೆಗೂ ನಿಲ್ಲಿಸುತ್ತಿದ್ದಳು. "ಪಾಪ, ದಮ್ಮು ಸಾಲದು" ಎಂದು ಕೂತವರು ಮರುಗುತ್ತಿದ್ದರು.

ಅವಳಿಗೊಬ್ಬ ಶಿಷ್ಯೆ ಇದ್ದಳು. ಗುರುವಿನ ರೆಕಾರ್ಡುಗಳನ್ನು ಸವೆಯುವಷ್ಟು ಕೇಳಿದವಳು. ಗುರು ತೀರಿಕೊಂಡ ಮೇಲೆ ಅದೇ ಹೋಟೆಲಿನಲ್ಲಿ ನಡೆದ ನೆನಪಿನ ಸಭೆಯಲ್ಲಿ ಅವಳೇ ಹಾಡಬೇಕಾಯಿತು. ಗುರುವಿನ ಹಾಡು ಉಳಿಯುವುದೋ ಮಣ್ಣುಪಾಲಾಗುವುದೋ, ಎಲ್ಲ ಇನ್ನು ತನ್ನ ಗಂಟಲಲ್ಲಿದೆ ಎಂಬ ಹೊರೆ ಹೊತ್ತು ವೇದಿಕೆ ಹತ್ತಿದಳು. ಅಂದು ಕಲ್ಲಿದ್ದಲಿನ ಹೆಂಗಸರು ಯಾರನ್ನೂ ಕೇಳದೆ ಮುಂಬಾಗಿಲಿನಿಂದಲೇ ನುಗ್ಗಿ ಬಂದು ಕೂತವರ ಹಿಂದೆ ನಿಂತರು.

ಶಿಷ್ಯೆ ಹಾಡತೊಡಗಿದಳು. ಗುರುವಿನದೇ ದನಿ, ಅದೇ ನಡುಕ. ಬಿಡುವು ಬಂದಾಗ ಶಿಷ್ಯೆಗೆ ಭಯವಾಯಿತು. ಗುರುವಿನ ಕುಂದನ್ನು ನಾನಾದರೂ ಮುಚ್ಚಬೇಕು ಎಂದುಕೊಂಡು ಅಲ್ಲಿ ಚೆಂದವಾಗಿ ರಾಗ ಎಳೆದಳು. ಮುಂದೆ ಕೂತವರು ಚಪ್ಪಾಳೆ ತಟ್ಟಿದರು. ಹಿಂದೆ ಬಾಯಿ ತೆರೆದಿದ್ದವರು ಬಾಯಿ ಮುಚ್ಚಿಕೊಂಡರು.

ಅವಳಿಗೆ ತಡೆಯಲಾಗಲಿಲ್ಲ. "ಯಾಕಮ್ಮಾ, ಹಿಡಿಸಲಿಲ್ಲವೇ?" ಎಂದು ಅಲ್ಲಿಂದಲೇ ಕೇಳಿದಳು.

"ಚೆನ್ನಾಗೇ ಹಾಡಿದೆ ಮಗಳೇ," ಎಂದಳು ಒಬ್ಬ ಮುದುಕಿ. "ನಮ್ಮ ಪಾಲನ್ನೂ ನೀನೇ ಹಾಡಿಬಿಟ್ಟೆ. ನಾವು ಬುಟ್ಟಿ ಎತ್ತೋದು ಯಾವಾಗ?"

ಹೆಂಗಸರು ನಕ್ಕರು. ಶಿಷ್ಯೆ ನಗಲಿಲ್ಲ. ಗುರು ಅಷ್ಟು ವರ್ಷ ನಿಲ್ಲಿಸಿದ್ದು ದಮ್ಮು ಸಾಲದೆ ಅಲ್ಲ, ಬಾಗಿಲಾಚೆ ಉಳಿದ ಜೊತೆಯವರಿಗಾಗಿ ಎಂದು ಅವಳಿಗೆ ತಿಳಿಯಿತು. ಮತ್ತೆ ಹಾಡಿದಳು. ನಿಲ್ಲಿಸಿದಳು.

ಹಿಂದಿನಿಂದ 'ಹೂಂ' ಎದ್ದಿತು. ಆ ಹೋಟೆಲಿನೊಳಗೆ ಎಂದೂ ದನಿ ಎತ್ತದವರ ದನಿ ಅದು. ಗಾಜಿನ ಲೋಟಗಳು ನಡುಗಿದವು. ಶಿಷ್ಯೆಯ ಮೈ ಜುಮ್ಮೆಂದಿತು, ಕಣ್ಣು ತುಂಬಿ ಬಂತು. ಯಾವ ರೆಕಾರ್ಡಿನಲ್ಲೂ ಇಲ್ಲದ ಆ ಹಾಡನ್ನು ಅವಳು ಅಂದು ಮೊದಲ ಸಲ ಪೂರ್ತಿಯಾಗಿ ಕೇಳಿದಳು.

ಗುರು ಇಲ್ಲಿಗೆ ನಿಲ್ಲಿಸಿದರು. "ಅದ್ಭುತ! ಈ ಕತೆಯನ್ನೂ ಬಾಯಿಪಾಠ ಮಾಡಿಕೊಳ್ಳುತ್ತೇನೆ," ಎಂದ ಶಿಷ್ಯ.

"ನಾನು ನಿಲ್ಲಿಸಿ ಆಯಿತಪ್ಪ, ಇನ್ನಾದರೂ ನಿನ್ನ ಪಾಲಿನ ಬುಟ್ಟಿ ಎತ್ತು," ಎಂದರು ಗುರು.